ಲೆಕ್ಕದ ಮೇಷ್ಟ್ರ ನಗು

ನಮ್ಮ ಲೆಕ್ಕದ ಮೇಷ್ಟ್ರು ನಿವೃತ್ತಿಗೆ ಇನ್ನೆರಡೇ ವರ್ಷ ಉಳಿದಿರುವಾಗ ಪ್ರೀತಿಯಿಂದ ಪಾಠ ಮಾಡುವುದನ್ನು ಕಲಿಯಲು ಹೊರಟಿದ್ದಾರೆ. ತರಬೇತಿ ಮುಗಿಸಿ ಬಂದವರೇ ಬೆತ್ತ ಮುರಿದು ಒಲೆಗೆ ಹಾಕಿದರು. ದಿನಾ ಸ್ಟಾಫ್ ರೂಮಿನ ಕನ್ನಡಿ ಮುಂದೆ ನಿಂತು ನಗುವ ತಾಲೀಮು ಮಾಡುತ್ತಾರೆ. ಹಲ್ಲುನೋವೇನೋ ಅಂದುಕೊಂಡು ಜವಾನ ಲವಂಗ ತಂದುಕೊಟ್ಟ. ಈಗೀಗ ತಪ್ಪು ಲೆಕ್ಕಕ್ಕೂ ‘ಭೇಷ್’ ಅನ್ನುತ್ತಾರೆ. ತರಗತಿ ಮಾತ್ರ ಉಸಿರು ಬಿಗಿಹಿಡಿದೇ ಕೂತಿರುತ್ತದೆ. ಮೊನ್ನೆ, ಹೊಸದಾಗಿ ಸೇರಿದ ಹುಡುಗಿಯ ಪಕ್ಕ ಮಂಡಿಯೂರಿ, “ಎಲ್ಲಿ ತಪ್ಪಾಯ್ತು, ನೋಡೋಣ್ವಾ ಕಂದಾ?” ಅಂದರು. ಅವಳು ಕಣ್ಣು ಮುಚ್ಚಿಕೊಂಡು ಎಡಗೈ ಚಾಚಿದಳು. “ಯಾಕಮ್ಮಾ?” ಅಂದರು ಮೇಷ್ಟ್ರು. “ಬಲಗೈ ಬರೆಯೋಕೆ ಬೇಕಾಗುತ್ತೆ, ಎಡಗೈ ಕೊಡು ಅಂತ ಅಮ್ಮ ಹೇಳಿದ್ದಾಳೆ ಸಾರ್. ಅಮ್ಮಂಗೂ ನೀವೇ ಅಲ್ವಾ ಲೆಕ್ಕ ಹೇಳಿಕೊಟ್ಟಿದ್ದು?”