ನಾಲ್ಕು ಬೆರಳಿನ ಮಡಿಕೆ

ಟೇಪಕ್ಕನ ನಿಜವಾದ ಹೆಸರು ಏನೆಂದು ಕೇಳಿದರೆ ಅವಳ ಗಂಡನೂ ಒಂದು ಕ್ಷಣ ತಡವರಿಸುತ್ತಾನೆ. ಕೊರಳಲ್ಲಿ ಯಾವಾಗಲೂ ಅಳತೆಯ ಟೇಪು ತೂಗಾಡುತ್ತಿರುವುದರಿಂದ ಬಂದ ಹೆಸರು ಅದು. ಎರಡನೆಯ ಹೆರಿಗೆಗೆ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಟೇಪು ಕೊರಳಲ್ಲೇ ಇತ್ತಂತೆ, ನರ್ಸಮ್ಮ ಮಗುವಿನ ಉದ್ದವನ್ನು ಅದರಿಂದಲೇ ಅಳೆದಳಂತೆ. ಬೀದಿಯವರು ಹೇಳುವ ಈ ಕಥೆಯನ್ನು ಟೇಪಕ್ಕ ಅಲ್ಲಗಳೆಯುವುದಿಲ್ಲ. ನರ್ಸಮ್ಮ ಅರ್ಧ ಇಂಚು ತಪ್ಪಾಗಿ ಓದಿದಳು ಎಂದು ಮಾತ್ರ ತಿದ್ದುತ್ತಾಳೆ.

ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಎರಡು ಹೊಲಿಗೆ ಮೆಷಿನ್ನು, ಬಟ್ಟೆ ಕತ್ತರಿಸುವ ಮೇಜು, ಕಿಟಕಿಯಾಚೆ ರಸ್ತೆ, ರಸ್ತೆಯಾಚೆ ಶಾಲೆ. ಆ ಶಾಲೆಯ ಬೂದು ಸ್ಕರ್ಟು, ಬೂದು ಪ್ಯಾಂಟುಗಳೆಲ್ಲ ಇಪ್ಪತ್ತಾರು ವರ್ಷಗಳಿಂದ ಆ ಮೇಜಿನ ಮೇಲೆಯೇ ಹುಟ್ಟುತ್ತಿದ್ದವು. ಕತ್ತರಿ, ಹೊಲಿಗೆ ಅವಳದು. ಕಾಜಾ, ಗುಂಡಿ ಗಂಡನದು. ಶಾಲೆಯ ಆರ್ಡರೇ ಮನೆಯ ಅನ್ನ.

ಮಕ್ಕಳಿಗೆ ಯೂನಿಫಾರಂ ಬೇಕೋ ಬೇಡವೋ ಎಂದು ಊರಿನ ಬುದ್ಧಿವಂತರು ಆಗಾಗ ಜಗಳವಾಡುತ್ತಿದ್ದರು. ಬೇಕೆನ್ನುವವರು ಸಮಾನತೆ ಎನ್ನುತ್ತಿದ್ದರು, ಬೇಡವೆನ್ನುವವರು ಸ್ವಾತಂತ್ರ್ಯ ಎನ್ನುತ್ತಿದ್ದರು. ಇಬ್ಬರೂ ಕೊನೆಗೆ ಮಕ್ಕಳ ಕೈಹಿಡಿದು ಅಳತೆ ಕೊಡಿಸಲು ಬರುತ್ತಿದ್ದುದು ಟೇಪಕ್ಕನ ಹತ್ತಿರವೇ ಆದ್ದರಿಂದ, ಅವಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಸುಮ್ಮನಿರುತ್ತಿದ್ದಳು. ಸೂಜಿ ತೆಗೆದಾಗ ಹೇಳುತ್ತಿದ್ದುದು ಇಷ್ಟೇ: ಯೂನಿಫಾರಂ ಹಾಕಿದ ಮಾತ್ರಕ್ಕೆ ಎಲ್ಲರೂ ಒಂದೇ ಆಗಿಬಿಡುವುದಿಲ್ಲ, ಆದರೆ ಬೆಳಗ್ಗೆ ಎಂಟು ಗಂಟೆಗೆ ಯಾವ ತಾಯಿಯೂ ಬೀರುವಿನ ಮುಂದೆ ನಿಂತು ಬೆವರಬೇಕಾಗಿಲ್ಲ. ಅಷ್ಟಾದರೆ ಸಾಕು. ಆದರೆ ಮಗು ಬೆಳೆದ ಹಾಗೆ ಬಟ್ಟೆಯೂ ಬೆಳೆಯಬೇಕು.

ಅದಕ್ಕೆ ಅವಳದೇ ಒಂದು ಶಾಸ್ತ್ರವಿತ್ತು. ಅಳತೆಗೆ ಬಂದ ಮಗುವಿನ ಚಪ್ಪಲಿ ಬಿಚ್ಚಿಸಿ ಮೊದಲು ಪಾದ ನೋಡುತ್ತಿದ್ದಳು. ಬೆಳೆಯುವುದರಲ್ಲಿ ಪಾದ ಮೈಗಿಂತ ಮುಂದೆ ಓಡಿದ್ದರೆ ಅಂಚಿನೊಳಗೆ ನಾಲ್ಕು ಬೆರಳು ಬಟ್ಟೆ ಮಡಿಸಿಡುವುದು, ಇಲ್ಲವಾದರೆ ಎರಡು. ಮಗು ಉದ್ದವಾದಾಗ ಹೊಲಿಗೆ ಬಿಚ್ಚಿ ಇಳಿಸಿದರಾಯಿತು. ಒಂದೇ ಒಂದು ಸಲ ಶಾಸ್ತ್ರ ಮೀರಿ ಕೆಟ್ಟಿದ್ದಳು. ತೆಂಗಿನಮರದಂಥ ಅಪ್ಪನನ್ನು ನೋಡಿ ಮರುಳಾಗಿ ಮಗಳ ಸ್ಕರ್ಟಿಗೆ ಎಂಟು ಬೆರಳು ಮಡಿಸಿದ್ದಳು. ಹುಡುಗಿ ಗಿಡ್ಡ ಅಮ್ಮನನ್ನು ಹೋತು ಅಷ್ಟಕ್ಕೇ ನಿಂತಳು. ಶಾಲೆ ಮುಗಿಯುವವರೆಗೂ ಆ ಮಡಿಕೆಯ ಭಾರ ಹೊತ್ತುಕೊಂಡೇ ನಡೆದಳು.

ಮಡಿಕೆ ಇಳಿಸಿದರೆ ಒಂದು ಗೆರೆ ಉಳಿಯುತ್ತದೆ. ಮೇಲೆ ಬಿಸಿಲಿಗೆ ಮಾಸಿದ ಬೂದು, ಕೆಳಗೆ ಮಡಿಕೆಯೊಳಗೆ ಅಡಗಿದ್ದ ಹೊಸ ಬೂದು. ಎಷ್ಟು ಇಸ್ತ್ರಿ ಉಜ್ಜಿದರೂ ಅದು ಹೋಗುವುದಿಲ್ಲ. ಹೊಸದಾಗಿ ಬಂದ ಹೆಡ್‌ಮಾಸ್ಟರಿಗೆ ಆ ಗೆರೆ ಕಣ್ಣಿಗೆ ಚುಚ್ಚಿತು. ವರ್ಷದ ಫೋಟೊ ತೆಗೆಸುವಾಗ ಗೆರೆ ಇದ್ದ ಮಕ್ಕಳನ್ನೆಲ್ಲ ಹಿಂದಿನ ಸಾಲಿಗೆ ನೂಕಿದರು. ಹಾಗಾಗಿ ಫೋಟೊದಲ್ಲಿ ಹನ್ನೊಂದು ಮಕ್ಕಳ ನೆತ್ತಿ ಮಾತ್ರ ಬಂತು. ಆಮೇಲೆ ಟೇಪಕ್ಕನಿಗೆ ಪತ್ರ ಬಂತು: ಮುಂದಿನ ವರ್ಷದಿಂದ ಅಂಚಿನ ಮಡಿಕೆ ಅರ್ಧ ಇಂಚು ಮೀರಕೂಡದು, ಗೆರೆಯ ಬಟ್ಟೆಗೆ ಶಾಲೆಯಲ್ಲಿ ಜಾಗವಿಲ್ಲ, ಒಪ್ಪದಿದ್ದರೆ ಆರ್ಡರು ರೆಡಿಮೇಡ್ ಕಂಪನಿಗೆ.

ಗಂಡ ಪತ್ರವನ್ನು ಎರಡು ಸಲ ಓದಿ, ಕನ್ನಡಕ ಒರೆಸಿ, ಮೂರನೆಯ ಸಲ ಓದಿದ.

"ಅರ್ಧ ಇಂಚು ಅಂದ್ರೆ ಅರ್ಧ ಇಂಚು ಹೊಲಿ. ವರ್ಷವರ್ಷ ಎಲ್ಲರೂ ಹೊಸದು ಹೊಲಿಸ್ತಾರೆ. ನಮಗೇ ಒಳ್ಳೇದಲ್ವಾ?"

"ಒಳ್ಳೇದೇ ರೀ. ಕಳ್ಳನಿಗೆ ಕತ್ತಲೆನೂ ಒಳ್ಳೇದೇ."

ಮರುದಿನ ಬೆಳಗ್ಗೆ ಅವಳು ಟೇಪಿನ ಸಮೇತ ಹೆಡ್‌ಮಾಸ್ಟರ ಕೋಣೆಗೆ ಹೋದಳು. ಬಾಗಿಲಲ್ಲಿ ಅಟೆಂಡರು ನಿಂತಿದ್ದ. ಹೆಡ್‌ಮಾಸ್ಟರು ಶಿಸ್ತಿನ ಬಗ್ಗೆ ಚೆನ್ನಾಗಿಯೇ ಮಾತಾಡಿದರು. ಯೂನಿಫಾರಂ ಎಂದರೆ ಒಂದೇ ರೂಪ, ಒಂದು ಮಗುವಿಗೆ ಗೆರೆ, ಇನ್ನೊಂದಕ್ಕೆ ಇಲ್ಲ ಎಂದರೆ ಅದು ಯೂನಿಫಾರಂ ಹೇಗಾದೀತು ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಟೇಪಕ್ಕ ತಲೆಯಾಡಿಸುವುದರಲ್ಲಿದ್ದಳು. ಅಷ್ಟರಲ್ಲಿ ಅವರು ಕಂಪನಿಯ ಮಾದರಿ ತೋರಿಸಲೆಂದು ಎದ್ದು ಬೀರುವಿನ ಕಡೆ ತಿರುಗಿದರು. ದರ್ಜಿಯ ಕಣ್ಣು ಎಲ್ಲಿ ಬೀಳಬೇಕೋ ಅಲ್ಲೇ ಬಿತ್ತು.

"ಸಾರ್, ನಿಮ್ಮ ಪ್ಯಾಂಟಿನ ದರ್ಜಿ ಒಳ್ಳೆಯವನು."

ಹೆಡ್‌ಮಾಸ್ಟರು ಅರ್ಥವಾಗದೆ ನಕ್ಕರು.

"ಸೊಂಟದ ಹತ್ತಿರ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿದ್ದಾನೆ. ಈಗ ಬಿಚ್ಚಿ ಅಗಲ ಮಾಡಿಸಿದ್ದೀರಿ. ಹಿಂದೆ ಗೆರೆ ಕಾಣ್ತಿದೆ. ತಪ್ಪೇನಿಲ್ಲ ಸಾರ್. ದೊಡ್ಡವರು ನಾವು ಅಡ್ಡಕ್ಕೆ ಬೆಳೀತೀವಿ, ಮಕ್ಕಳು ಉದ್ದಕ್ಕೆ ಬೆಳೀತಾರೆ. ನಿಮ್ಮನ್ನ ಯಾರಾದ್ರೂ ಹಿಂದಿನ ಸಾಲಿಗೆ ಕಳಿಸಿದ್ರಾ?"

ಬಾಗಿಲಾಚೆ ಅಟೆಂಡರಿಗೆ ಕೆಮ್ಮು ಬಂತು. ಹೆಡ್‌ಮಾಸ್ಟರು ಕುರ್ಚಿಗೆ ಕುಸಿದರು. ಅವಳು ಹೋಗುವವರೆಗೂ ಮತ್ತೆ ಏಳಲಿಲ್ಲ. ಕೂತಲ್ಲಿಂದಲೇ, ಅರ್ಧ ಇಂಚು ಆಗುತ್ತದೋ ಇಲ್ಲವೋ ಎಂದು ಕೇಳಿದರು.

"ಆಗಲ್ಲ ಸಾರ್. ಬೆಳೆಯೋ ಮಗುವಿಗೆ ಅರ್ಧ ಇಂಚು ಹೊಲಿಯೋಕೆ ನನ್ನ ಕೈ ಬಗ್ಗಲ್ಲ."

ಆರ್ಡರು ಹೋಯಿತು. ಗಂಡ ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ಕನ್ನಡಕ ಸಿಗದೆ ಮಾತಾಡಬೇಕಾಯಿತು. ರಜೆಯ ತಿಂಗಳುಗಳಲ್ಲಿ ಬೂದು ಬಟ್ಟೆಯ ರಾಶಿಯಿರುತ್ತಿದ್ದ ಮೇಜಿನ ಮೇಲೆ ಈ ಸಲ ದಿಂಬಿನ ಚೀಲಗಳು, ಯಾರದೋ ಮನೆಯ ಪರದೆ. ಪರದೆಗೆ ಗುಂಡಿಯಿಲ್ಲವಾದ್ದರಿಂದ ಗಂಡ ತನ್ನ ಶರಟುಗಳ ಗಟ್ಟಿ ಗುಂಡಿಗಳನ್ನೇ ಕಿತ್ತು ಮತ್ತೆ ಹಾಕುತ್ತ ಕೂತ. ನಾಲ್ಕು ಬೆರಳಿಗಾಗಿ ನಾಲ್ಕು ಕಾಸು ಕಳೆದುಕೊಂಡೆನಲ್ಲ ಎಂದು ಟೇಪಕ್ಕನಿಗೂ ಅನ್ನಿಸದೆ ಇರಲಿಲ್ಲ. ಅನ್ನಿಸಿದಾಗಲೆಲ್ಲ ಖಾಲಿ ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದಳು.

ಶಾಲೆ ತೆರೆಯಿತು. ರೆಡಿಮೇಡ್ ಬೂದು ಸಾಲುಸಾಲಾಗಿ ರಸ್ತೆ ದಾಟಿತು. ನೋಡಲು ಲಕ್ಷಣವಾಗಿಯೇ ಇತ್ತು, ಸುಳ್ಳು ಹೇಳಬಾರದು. ಆದರೆ ಮಕ್ಕಳಿಗೆ ಪತ್ರ ಬರೆದು ಬೆಳೆಯಬೇಡಿ ಎನ್ನಲಾಗುವುದಿಲ್ಲ. ಐದು ತಿಂಗಳು ತುಂಬುವಷ್ಟರಲ್ಲಿ ಪ್ಯಾಂಟುಗಳು ಕಣಕಾಲು ಬಿಟ್ಟು ಮೇಲೇರಿದವು. ಒಬ್ಬ ತಾಯಿ ಬಂದಳು, ಹಿಂದೆಯೇ ಇನ್ನೂ ನಾಲ್ವರು. ಟೇಪಕ್ಕ ಅಂಚು ಬಿಚ್ಚಿ ನೋಡಿದಳು. ಒಳಗೆ ಇಳಿಸಲು ಬಟ್ಟೆಯೇ ಇಲ್ಲ, ಇದ್ದದ್ದು ಉಗುರಿನಷ್ಟು. ಮೂಲೆಯಲ್ಲಿ ಉಳಿದಿದ್ದ ಹಳೆಯ ಬೂದು ಬಟ್ಟೆಯ ಥಾನು ತೆಗೆದಳು. ಅದರ ಬಣ್ಣ ಇನ್ನೂ ಸ್ವಲ್ಪ ಗಾಢ. ಅದನ್ನೇ ಪಟ್ಟಿಯಾಗಿ ಕತ್ತರಿಸಿ ಅಂಚಿಗೆ ಕೂಡಿಸಿದಳು. ಮೊದಲು ಗೆರೆ ಮಾತ್ರ ಇತ್ತು. ಈಗ ಕಾಲಿನ ಸುತ್ತ ಢಾಳಾದ ಪಟ್ಟಿ. ವಾರದೊಳಗೆ ಇಪ್ಪತ್ತು ಮಕ್ಕಳು, ತಿಂಗಳೊಳಗೆ ಅರ್ಧ ಶಾಲೆ. ಗಂಡ ಎಲ್ಲ ಬಿಟ್ಟು ಹೊಲಿಗೆ ಬಿಚ್ಚುವ ಕೆಲಸಕ್ಕೆ ಕೂತ.

ಒಂದು ಮಧ್ಯಾಹ್ನ ಅಟೆಂಡರು ಬಂದ. ಶಾಲೆಯ ಯೂನಿಫಾರಮ್ಮಿಗೆ ಇನ್ನು ಮುಂದೆ ಯಾರೂ ಪಟ್ಟಿ ಹಾಕಕೂಡದು ಎಂಬ ಹೆಡ್‌ಮಾಸ್ಟರ ಪತ್ರ ಅವನ ಕೈಯಲ್ಲಿತ್ತು. ಟೇಪಕ್ಕ ಮೆಷಿನ್ನು ನಿಲ್ಲಿಸದೆಯೇ ಕೇಳಿಸಿಕೊಂಡಳು.

"ಹೋಗಿ ಹೇಳಪ್ಪಾ. ನಿಲ್ಲಿಸಬೇಕಾದ್ದು ನನ್ನನ್ನಲ್ಲ, ಮಕ್ಕಳ ಮೂಳೆನ. ಅದು ನಿಂತ ದಿನ ನಾನೂ ನಿಲ್ಲಿಸ್ತೀನಿ."

ಅಟೆಂಡರು ಹೋಗಲಿಲ್ಲ. ರಸ್ತೆಯ ಕಡೆ ಒಮ್ಮೆ ಹಣಕಿ, ಅಂಗಿಯೊಳಗೆ ಬಚ್ಚಿಟ್ಟಿದ್ದ ಪುಟ್ಟ ಸ್ಕರ್ಟೊಂದನ್ನು ಎಳೆದು ಮೇಜಿನ ಮೇಲಿಟ್ಟ.

"ನನ್ನ ಮಗಳದು ಅಕ್ಕ. ಪಟ್ಟಿ ಸ್ವಲ್ಪ ಅಗಲವಾಗೇ ಇರಲಿ. ಅವರ ಕೋಣೆ ಕಿಟಕಿಯಿಂದ ಕಾಣೋ ಹಾಗೆ."