ಇಬ್ಬರು ಶಾರ್ಟ್‌ಸ್ಟಾಪ್‌ಗಳ ಜಾತಕ

ಬೇಸ್‌ಬಾಲ್ ಪಂದ್ಯವನ್ನು ನಾನು ಮೊದಲಿನಿಂದ ಕೊನೆಯವರೆಗೆ ಒಂದು ಸಲವೂ ನೋಡಿದವನಲ್ಲ. ಆದರೂ ಈ ಮಾರ್ಚ್‌ನಲ್ಲಿ ಮೂರು ವಾರ, ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ ಆಫೀಸು ಮುಗಿಸಿ, ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ರೋಟಿ ಚನಾಯ್ ಕಟ್ಟಿಸಿಕೊಂಡು ಮನೆಗೆ ಬಂದವನೇ ಇಬ್ಬರು ಶಾರ್ಟ್‌ಸ್ಟಾಪ್‌ಗಳನ್ನು ಹೋಲಿಸುತ್ತ ಕೂರುತ್ತಿದ್ದೆ. ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ ನಿಂತು ಚೆಂಡು ಹಿಡಿಯುವವನು ಶಾರ್ಟ್‌ಸ್ಟಾಪ್. ಒಬ್ಬನಿಗೆ ವಯಸ್ಸಾಗಿದೆ, ಹೊಡೆತ ಮಾತ್ರ ತಪ್ಪುವುದಿಲ್ಲ. ಇನ್ನೊಬ್ಬ ಎಳೆಯ, ಓಟದಲ್ಲಿ ಚುರುಕು. ಈ ವರ್ಷ ಯಾರು ಎಷ್ಟು ರನ್ ಗಳಿಸಬಹುದೆಂಬ ಅಂದಾಜುಗಳನ್ನು ನಾಲ್ಕಾರು ಕಡೆಯಿಂದ ತಂದು ಎಕ್ಸೆಲ್‌ನಲ್ಲಿ ತುಂಬಿದ್ದೆ.

ಮಗಳ ಕಾಲೇಜಿಗೆಂದು ಅವಳ ಜೊತೆ ಮೈಸೂರಿನಲ್ಲಿರುವ ಹೆಂಡತಿ ಫೋನಿನಲ್ಲಿ ನಕ್ಕಳು. "ಏನ್ರೀ, ಇನ್ನೂ ಆ ಹುಡುಗರ ಜಾತಕ ನೋಡ್ತಾನೇ ಇದೀರಾ? ಮಗಳಿಗೆ ಗಂಡು ಹುಡುಕುವಾಗ್ಲೂ ಇಷ್ಟು ತಲೆ ಕೆಡಿಸ್ಕೊಳ್ಳಲ್ಲ ನೀವು."

ನನಗೆ ಬೇಕಿದ್ದದ್ದು ಶಾರ್ಟ್‌ಸ್ಟಾಪ್ ಅಲ್ಲ, ಜನ. ಹಳೆಯ ಪ್ರಾಜೆಕ್ಟ್ ಮುಗಿದರೂ ಅದರ ಅಮೆರಿಕದ ಸಹೋದ್ಯೋಗಿಗಳು ನನ್ನನ್ನು ಈ ಆಟದಿಂದ ಕೈಬಿಟ್ಟಿರಲಿಲ್ಲ. ವರ್ಷಕ್ಕೊಮ್ಮೆ ಹತ್ತು ಜನ ಆನ್‌ಲೈನಿನಲ್ಲಿ ಸೇರಿ, ಸರದಿಯಂತೆ ಆಟಗಾರರನ್ನು ಆರಿಸಿ, ಬರೀ ಲೆಕ್ಕದ ತಂಡ ಕಟ್ಟುತ್ತೇವೆ; ಆ ಆಟಗಾರರು ನಿಜವಾದ ಪಂದ್ಯಗಳಲ್ಲಿ ಗಳಿಸಿದ್ದೇ ನಮ್ಮ ಅಂಕ. ಪಕ್ಕದಲ್ಲೇ ಚಾಟ್ ತೆರೆದಿರುತ್ತದೆ. ಆ ಒಂದು ಗಂಟೆ ಯಾರಾದರೂ ನನ್ನನ್ನು ರೇಗಿಸುತ್ತಾರೆ, ಹೆಸರು ಹಿಡಿದು ಕರೆಯುತ್ತಾರೆ. ಮನೆ ಖಾಲಿಯಾದ ಮೇಲೆ ಅದಕ್ಕಾಗಿ ನಾಚಿಕೆ ಬಿಟ್ಟು ಕಾಯುತ್ತಿದ್ದೆ.

ಅವರಿಗೆ ಭಾನುವಾರ ರಾತ್ರಿ, ನನಗೆ ಸೋಮವಾರ ಬೆಳಿಗ್ಗೆ. ರಜೆ ಹಾಕಿ, ಒಂಬತ್ತಕ್ಕೆ ಸರಿಯಾಗಿ ಲಾಗಿನ್ ಆದೆ. ಆಯ್ಕೆ ಆಗಲೇ ಕೊನೆಯ ಸುತ್ತಿಗೆ ಬಂದಿತ್ತು. ಮಾರ್ಚ್‌ನಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಹಿಂದಿನ ವರ್ಷಗಳಲ್ಲಿ ಅದಕ್ಕೂ ಮೊದಲೇ ನಮ್ಮ ಆಯ್ಕೆ ಮುಗಿಯುತ್ತಿತ್ತು. ಈ ಸಲ ಒಂದು ವಾರ ತಡವಾಗಿತ್ತು, ಹಾಗಾಗಿ ನನ್ನ ಗಡಿಯಾರದ ಎಂಟಕ್ಕೇ ಶುರುವಾಗಿತ್ತು. ವರ್ಷವಿಡೀ ಒಂದೇ ಸಮಯವಿರುವ ಈ ದೇಶದಲ್ಲಿ ಕೂತ ನನ್ನ ಮಂಡೆಗೆ ಅದು ಹೊಳೆಯಲೇ ಇಲ್ಲ.

ನನ್ನ ಸರದಿ ಬಂದಾಗಲೆಲ್ಲ ಕಂಪ್ಯೂಟರೇ ಆರಿಸಿಬಿಟ್ಟಿತ್ತು. ನಾನು ಎಳೆಯವನನ್ನು ಗೊತ್ತುಮಾಡಿಕೊಂಡಿದ್ದೆ, ಅದು ವಯಸ್ಸಾದವನನ್ನು ತೆಗೆದುಕೊಂಡಿತ್ತು. ಚಾಟನ್ನು ಮೇಲಿನಿಂದ ಓದಿದೆ. ಒಬ್ಬನ ಮಂಡಿನೋವು, ಇನ್ನೊಬ್ಬನ ಹೊಸ ಮಗು, ಬೇಕಾದಷ್ಟು ನಗು. ನಾನೆಲ್ಲಿ ಎಂದು ಯಾರೂ ಕೇಳಿರಲಿಲ್ಲ. ನನ್ನ ಹೆಸರಿದ್ದದ್ದು ಒಂದೇ ಕಡೆ: ಆರಿಸಿದ್ದು ನಾನೇ ಎಂದುಕೊಂಡು, ಆ ವಯಸ್ಸಾದ ಶಾರ್ಟ್‌ಸ್ಟಾಪ್‌ನನ್ನು ಹಾರಿಸಿಕೊಂಡದ್ದಕ್ಕೆ ಶಭಾಸ್ ಹೇಳಿದ್ದರು. ಥ್ಯಾಂಕ್ಸ್ ಎಂದು ಬರೆಯುವಷ್ಟರಲ್ಲಿ ಎಲ್ಲರೂ ಹೊರಟಿದ್ದರು.

ಸಂಜೆ ಹೆಂಡತಿ ಕೇಳಿದಳು, "ಹೇಗಾಯ್ತು ರೀ? ನಿಮ್ ಫ್ರೆಂಡ್ಸ್ ಎಲ್ಲಾ ಸಿಕ್ಕಿದ್ರಾ?"

"ಸಿಕ್ಕಿದ್ರು ಕಣೆ. ನಾನು ಬರೋವರೆಗೂ ಶುರು ಮಾಡ್ದೇ ಕಾಯ್ತಾ ಕೂತಿದ್ರು," ಎಂದೆ.