ಆಟಿ ಕಳೆಯಲಿ

ಎಪ್ಪತ್ತರ ದಶಕದ ಆ ದಿನಗಳಲ್ಲಿ, ಕಾಪುವಿನ ನಮ್ಮ ಮನೆಗೆ ಜುಲೈ-ಆಗಸ್ಟಿನ ಜಡಿಮಳೆಯ ಆಟಿ ತಿಂಗಳು ಬಂತೆಂದರೆ ಕೆಲಸಗಳೆಲ್ಲ ನಿಂತವು ಎಂದೇ ಅರ್ಥ. ಕಡಲಿಗೆ ಯಾರೂ ಇಳಿಯುತ್ತಿರಲಿಲ್ಲ, ದೋಣಿಗಳು ತೆಂಗಿನ ಮಡಲಿನ ಮಾಡಿನ ಕೆಳಗೆ ಮಲಗಿರುತ್ತಿದ್ದವು. ಒಣಗದ ಬಟ್ಟೆಯ ಮುಗ್ಗಲು ವಾಸನೆ ಮನೆಯಿಡೀ. ಮದುವೆಯ ಮಾತಿಲ್ಲ, ಹೊಸಮನೆಯ ಒಕ್ಕಲಿಲ್ಲ, ಹೊಸದಾಗಿ ಯಾವುದಕ್ಕೂ ಹೊರಡುವಂತಿಲ್ಲ. ಮಕ್ಕಳಾದ ನಮಗೆ ಅದೇ ಹಬ್ಬ. ಪತ್ರೊಡೆ, ತಗಟೆ ಸೊಪ್ಪಿನ ಪಲ್ಯ, ಕೆಂಡದಲ್ಲಿ ಸುಟ್ಟ ಹಲಸಿನ ಬೀಜ, ಅಮಾವಾಸ್ಯೆಯ ಬೆಳಿಗ್ಗೆ ಹಾಲೆಮರದ ಕಷಾಯ. ಆ ಕಹಿಗೆ ಮುಖ ಹಿಂಡುವಷ್ಟರಲ್ಲಿ ಮೆಂತೆಗಂಜಿಯ ಬಟ್ಟಲು ಕೈಗೆ ಬರುತ್ತಿತ್ತು. ಅಟ್ಟದಿಂದ ಚೆನ್ನೆಮಣೆ ಇಳಿಯುತ್ತಿದ್ದುದೂ ಆ ತಿಂಗಳಲ್ಲೇ. ಗುಳಿಗಳಿಗೆ ಕೆಂಪು ಮಂಜೊಟ್ಟಿ ಬೀಜ ತುಂಬಿ ಅಮ್ಮ ಮತ್ತು ನಾನು ಮಧ್ಯಾಹ್ನವಿಡೀ ಆಡುತ್ತಿದ್ದೆವು. ಅಮ್ಮ ಮೋಸ ಮಾಡಿಯಾದರೂ ನನ್ನನ್ನೇ ಗೆಲ್ಲಿಸುತ್ತಿದ್ದಳು.

ಅಪ್ಪ ಮುಂಬಯಿಯಲ್ಲಿ ಕೆಲಸಕ್ಕಿದ್ದರು. ಊರಲ್ಲಿ ಇದ್ದಿದ್ದರೂ ಮನೆಯ ಮಾತು ಮಾವನದೇ, ಅಂದರೆ ಅಮ್ಮನ ಅಣ್ಣನದು. ನಮ್ಮದು ಅಳಿಯಕಟ್ಟಿನ ಮನೆ, ತಾಯಿಯ ಕಡೆಯಿಂದಲೇ ಮನೆತನ ಸಾಗುವುದು. ಮಾವ ದಡ್ಡರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಉಚ್ಚಿಲದಿಂದ, ಅಂಬಲಪಾಡಿಯಿಂದ ಜನ ಸಲಹೆ ಕೇಳಲು ನಮ್ಮ ಚಾವಡಿಗೆ ಬರುತ್ತಿದ್ದರು. "ಹಸಿವಾದಾಗ ಉತ್ತರ ಕೊಡಬೇಡಿ, ಕೋಪ ಬಂದಾಗ ಮಾತು ಕೊಡಬೇಡಿ, ಆಟಿಯಲ್ಲಿ ತೀರ್ಮಾನ ಮಾಡಬೇಡಿ" ಎನ್ನುತ್ತಿದ್ದರು ಮಾವ. ಆಟಿಯೆಂದರೆ ಹಿಂದಿನವರಿಗೆ ಹಸಿವಿನ ತಿಂಗಳು, ಆಗ ಮನುಷ್ಯ ಸಿಕ್ಕಿದ್ದಕ್ಕೆಲ್ಲ ಹೂಂ ಅನ್ನುತ್ತಾನೆ ಎಂಬುದು ಅವರ ಲೆಕ್ಕ. ಒಮ್ಮೆ ಉಚ್ಚಿಲದ ಒಂದು ಮನೆಯವರು ಮಗಳ ಸಂಬಂಧಕ್ಕೆ ಅವಸರ ಮಾಡಿದಾಗ, ಆಟಿ ಕಳೆಯಲಿ ಎಂದು ಮಾವ ತಡೆದರು. ತಿಂಗಳು ಮುಗಿಯುವುದರೊಳಗೆ ಆ ಹುಡುಗನಿಗೆ ಮುಂಬಯಿಯಲ್ಲಿ ಹೆಂಡತಿ ಇದ್ದಾಳೆಂದು ಗೊತ್ತಾಯಿತು. ಅಲ್ಲಿಂದ ಮಾವನ ಮಾತಿಗೆ ಊರಲ್ಲಿ ಎದುರಿಲ್ಲ.

ನನಗೆ ಹತ್ತು ವರ್ಷವಾದ ಆಟಿಯಲ್ಲಿ ಅಮ್ಮನ ಎದೆಯಲ್ಲಿ ಗಂಟು ಕಾಣಿಸಿತು. ಊರಿನ ಡಾಕ್ಟರು ನೋಡಿ, ನಾಳೆಯೇ ಮಣಿಪಾಲಕ್ಕೆ ಹೋಗಿ ಎಂದು ಚೀಟಿ ಬರೆದುಕೊಟ್ಟರು. ಮಾವ ಆ ಚೀಟಿಯನ್ನು ಎರಡು ಸಲ ಓದಿದರು.

"ನೋವು ಉಂಟಾ?"

"ಇಲ್ಲ ಅಣ್ಣ."

"ಹಾಗಾದರೆ ಅವಸರ ಎಂತದು? ಕೊಯ್ಯುವ ವಿಷಯ ಇದು. ಆಟಿ ಕಳೆಯಲಿ. ಸೋಣ ಸಂಕ್ರಮಣದ ದಿನ ನಾನೇ ಕರೆದುಕೊಂಡು ಹೋಗುತ್ತೇನೆ."

ಪಕ್ಕದ ಮನೆಯ ಕತೀಜಮ್ಮ ಇದನ್ನು ಕೇಳಿ ಅಡುಗೆಮನೆಗೇ ಬಂದರು. "ಕಾಯಿಲೆಗೆ ಆಟಿ ಉಂಟಾ ಮಾರಾಯ್ತಿ? ನಾಳೆ ನಮ್ಮವರು ಕಾರಿನಲ್ಲಿ ಮಣಿಪಾಲಕ್ಕೆ ಹೋಗುವವರಿದ್ದಾರೆ. ಸುಮ್ಮನೆ ಬಂದು ಕೂತುಕೋ. ಅಣ್ಣನಿಗೆ ಆಮೇಲೆ ಹೇಳಿದರಾಯಿತು."

ಆ ಮಧ್ಯಾಹ್ನ ಚೆನ್ನೆಮಣೆ ಆಡುತ್ತಾ ಅಮ್ಮ ಒಮ್ಮೆಲೇ ಕೇಳಿದಳು: "ನಾಳೆ ಹೋಗಲಾ? ನೀನು ಎಂತ ಹೇಳುತ್ತಿ?"

"ಹೋದರೆ ಯಾವಾಗ ಬರುತ್ತಿ?"

"ಹದಿನೈದು ದಿನ ಆಗಬಹುದು."

"ಬೇಡ. ಮಾವ ಹೇಳಿದ ಹಾಗೆ ಆಟಿ ಮುಗಿದ ಮೇಲೆ ಹೋಗು."

ಅಮ್ಮ ನಕ್ಕು ನನ್ನ ತಲೆ ಸವರಿದಳು. ಮರುದಿನ ಗೇಟಿನ ಹತ್ತಿರ ಕತೀಜಮ್ಮನ ಮನೆಯ ಕಾರು ಸ್ವಲ್ಪ ಹೊತ್ತು ನಿಂತು ಹೋಯಿತು. ನನಗೆ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಮಾವ ಮಾತು ತಪ್ಪಲಿಲ್ಲ. ಸಂಕ್ರಮಣದ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿ, ದೇವರಿಗೆ ದೀಪವಿಟ್ಟು, ಅಮ್ಮನನ್ನೂ ನನ್ನನ್ನೂ ಬಸ್ಸು ಹತ್ತಿಸಿದರು. ಮಣಿಪಾಲದ ಡಾಕ್ಟರು ಅಮ್ಮನ ಕಂಕುಳನ್ನು ಒತ್ತಿ ನೋಡಿದರು, ಚೀಟಿಯ ತಾರೀಕು ನೋಡಿದರು. "ಇಷ್ಟು ದಿನ ಏನು ಮಾಡುತ್ತಿದ್ದಿರಿ?" ಎಂದರು.

ಅಮ್ಮನೇ ಹೇಳಿದಳು: "ತುಂಬಾ ಮಳೆ ಇತ್ತು ಡಾಕ್ಟ್ರೇ. ನಾನೇ ಹೊರಡಲಿಲ್ಲ."

ಆಪರೇಷನ್ ಆಯಿತು. ಆದರೆ ಕಾಯಿಲೆ ಆಗಲೇ ಹರಡಿತ್ತು. ಮುಂದಿನ ಏಪ್ರಿಲಿನ ಬಿಸು ಹಬ್ಬಕ್ಕೆ ಅಮ್ಮ ಇರಲಿಲ್ಲ.

ಆಮೇಲೂ ಜನ ಚಾವಡಿಗೆ ಬರುತ್ತಿದ್ದರು. "ನನಗೆ ತಿಳಿಯುವುದಿಲ್ಲ, ಬೇರೆ ಯಾರನ್ನಾದರೂ ಕೇಳಿ" ಎಂದು ಮಾವ ಒಳಗೆ ಹೋಗುತ್ತಿದ್ದರು. ಕ್ರಮೇಣ ಬರುವುದೂ ನಿಂತಿತು. ಕಾಲೇಜಿಗೆ ಸೇರುವ ಮೊದಲು ನಾನು ಒಮ್ಮೆ ಧೈರ್ಯ ಮಾಡಿ ಕೇಳಿದೆ: "ಮಾವ, ಆವತ್ತೇ ಹೋಗಿದ್ದರೆ ಅಮ್ಮ ಬದುಕುತ್ತಿದ್ದಳಾ?"

"ಗೊತ್ತಿಲ್ಲ ಮಗಳೇ. ಡಾಕ್ಟರನ್ನೂ ಕೇಳಿದೆ, ಅವರಿಗೂ ಗೊತ್ತಿಲ್ಲವಂತೆ." ಮತ್ತೆ ಅವರೇ ಹೇಳಿದರು: "ಅವಳು ನನ್ನ ಮಾತು ಮೀರುವವಳಲ್ಲ. ನಾನೇ ಕೊಂದದ್ದು."

ಮೀರಲು ಹೊರಟಿದ್ದಳು ಮಾವ, ನಾನು ಬೇಡವೆಂದೆ. ಇಷ್ಟು ಹೇಳಿದ್ದರೆ ಸಾಕಿತ್ತು. ಹೇಳದೆ ನಾನು ಎದ್ದುಹೋದೆ. ಎಂಬತ್ತರ ದಶಕ ಮುಗಿಯುವ ಮೊದಲೇ ಮಾವನೂ ತೀರಿಕೊಂಡರು.

ಈಗ ಆಟಿಯೆಂದರೆ ಸಭಾಭವನದಲ್ಲಿ ಒಂದು ದಿನದ ಊಟ, ಭಾಷಣ, ಫೋಟೊ. ಕಾಪುವಿನಿಂದ ಮಣಿಪಾಲಕ್ಕೆ ಕಾರಿನಲ್ಲಿ ಎಷ್ಟು ಮಹಾ ಹೊತ್ತು? ಕೇಳಿ ತಿಳಿಯಲು ಚಾವಡಿಯಿಲ್ಲ, ಕಾಯಿರಿ ಎನ್ನುವವರಿಲ್ಲ, ಹೊರಡಿ ಎಂದು ಅಡುಗೆಮನೆಗೆ ಬಂದು ಬೈಯುವವರೂ ಇಲ್ಲ. ನನ್ನ ಒಂದು ಮಾತಿನ ಭಾರವನ್ನೂ ಸೇರಿಸಿ ಹೊತ್ತುಕೊಂಡು ಮಾವ ಹೋದರು. ಈಗ ಹೇಳೋಣವೆಂದರೆ, ಕೇಳಬೇಕಾದವರು ಯಾರೂ ಉಳಿದಿಲ್ಲ.